ನಿಮ್ಮ ದೂರು ಇಲ್ಲಿಗೆ ಸೇರಿದ್ದಲ್ಲ

ಬೆಂಗಳೂರು ಜಲಮಂಡಳಿ ತನ್ನ ಕೆಲವು ನೌಕರರ ಮೇಲೆ ದುರ್ನಡತೆಯ ಆರೋಪ ಹೊರಿಸಿ, ದಂಡ ವಿಧಿಸಿ, ಆ ಹಣವನ್ನು ಅವರಿಂದಲೇ ವಸೂಲು ಮಾಡಿಕೊಂಡಿತು. ತಮ್ಮ ಮಾತನ್ನು ಕೇಳದೆಯೇ ಶಿಕ್ಷೆ ಕೊಟ್ಟುಬಿಟ್ಟರು ಎಂಬುದು ನೌಕರರ ಅಳಲು. ಅವರು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 33ಸಿ(2) ಕಲಮನ್ನು ಹಿಡಿದು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ದಂಡ ಸರಿಯೋ ತಪ್ಪೋ ಎಂಬ ಚರ್ಚೆಗೆ ಮಂಡಳಿ ಇಳಿಯಲೇ ಇಲ್ಲ. ನಾವು ಊರಿಗೆ ನೀರು ಕೊಡುವ ಶಾಸನಬದ್ಧ ಸಂಸ್ಥೆ, ಕೈಗಾರಿಕೆಯಲ್ಲ, ಹಾಗಾಗಿ ಈ ನ್ಯಾಯಾಲಯಕ್ಕೆ ನಮ್ಮನ್ನು ಕೇಳುವ ಅಧಿಕಾರವೇ ಇಲ್ಲ ಎಂದು ಮೊದಲ ಹೆಜ್ಜೆಯಲ್ಲೇ ತಕರಾರು ತೆಗೆಯಿತು. ಕಾರ್ಮಿಕ ನ್ಯಾಯಾಲಯ ಒಪ್ಪಲಿಲ್ಲ. ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೂ ಒಪ್ಪಲಿಲ್ಲ. ಕೆಲವು ನೌಕರರ ದಂಡದ ಹಣದ ವಿಚಾರ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಮುಂದೆ ಹೋಗಿ ನಿಂತಿತು.

1978ರ ಫೆಬ್ರವರಿ 21ರಂದು ತೀರ್ಪು ಬಂತು. ಮುಖ್ಯ ನ್ಯಾಯಮೂರ್ತಿ ಎಂ.ಎಚ್. ಬೇಗ್ ಮರುದಿನವೇ ನಿವೃತ್ತರಾಗುವವರಿದ್ದರು, ಹಾಗಾಗಿ ಅಂದೇ ಹೇಳಿ ಮುಗಿಸಬೇಕಿತ್ತು. ವ್ಯವಸ್ಥಿತವಾಗಿ ನಡೆಯುವ ಚಟುವಟಿಕೆ, ಮಾಲೀಕ ಮತ್ತು ನೌಕರರ ಸಹಕಾರ, ಜನರ ಬೇಕುಬೇಡಗಳಿಗೆ ಬೇಕಾದ ಸರಕು ಅಥವಾ ಸೇವೆಯ ಉತ್ಪಾದನೆ: ಈ ಮೂರೂ ಇದ್ದಲ್ಲಿ ಅದು ಕೈಗಾರಿಕೆಯೇ ಎಂದು ವಿ.ಆರ್. ಕೃಷ್ಣ ಅಯ್ಯರ್ ಬಹುಮತದ ಪರವಾಗಿ ಬರೆದರು. ಇಬ್ಬರು ನ್ಯಾಯಮೂರ್ತಿಗಳು ಭಿನ್ನಮತ ದಾಖಲಿಸಿದರು. ಆಸ್ಪತ್ರೆ, ವಿಶ್ವವಿದ್ಯಾಲಯ, ಜಲಮಂಡಳಿಗಳ ಸಿಬ್ಬಂದಿಗೆ ಕಾರ್ಮಿಕ ನ್ಯಾಯಾಲಯದ ಬಾಗಿಲು ಅಂದು ತೆರೆಯಿತು. ಆಳುವ ಸರ್ಕಾರದ ಸಾರ್ವಭೌಮ ಕೆಲಸಗಳು ಮಾತ್ರ ಹೊರಗುಳಿದವು. 1982ರಲ್ಲಿ ಸಂಸತ್ತು ಕಾಯ್ದೆಯ ವ್ಯಾಖ್ಯೆಯನ್ನೇ ಕಿರಿದುಗೊಳಿಸಿ ತಿದ್ದುಪಡಿ ತಂದರೂ, ಆ ಭಾಗವನ್ನು ಯಾವ ಸರ್ಕಾರವೂ ಜಾರಿಗೆ ತರಲಿಲ್ಲ.

ಈ ಪ್ರಕರಣವನ್ನು ಕಾನೂನು ವಿದ್ಯಾರ್ಥಿಗಳು ‘ಕೈಗಾರಿಕೆ ಎಂದರೇನು’ ಎಂಬ ಪ್ರಶ್ನೆಗೆ ಉತ್ತರವಾಗಿ ಓದುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ದುಡಿದವನ ಹಣದ ಪ್ರಶ್ನೆಯನ್ನು ಯಾರು ಕೇಳಬೇಕು ಎಂಬುದೇ ಮೊದಲ ಜಗಳವಾಗಿ, ಹಣದ ಪ್ರಶ್ನೆ ವರ್ಷಗಟ್ಟಲೆ ಹಿಂದೆ ಉಳಿಯಿತು. ಮುಂದಿನ ನಾಲ್ಕು ದಶಕಗಳಲ್ಲಿ ಸರ್ಕಾರಿ ನೌಕರರ ಓಟಿ (ಹೊತ್ತು ಮೀರಿದ ದುಡಿಮೆಯ) ಹಣಕ್ಕೂ, ಕಚೇರಿಯಲ್ಲಿ ಕಿರುಕುಳ ಅನುಭವಿಸಿದ ಮಹಿಳೆಯರ ದೂರಿಗೂ ಇದೇ ಗತಿ ಬಂತು.

ಆಡಳಿತ ನ್ಯಾಯಮಂಡಳಿಗಳು ಹುಟ್ಟಿದ್ದು ಇಂಥ ಅಲೆದಾಟವನ್ನು ತಪ್ಪಿಸಲೆಂದೇ. 1960ರ ದಶಕದ ಕೊನೆಗೆ ಹೈಕೋರ್ಟುಗಳಲ್ಲಿ ನೌಕರಿಯ ತಕರಾರುಗಳು ರಾಶಿ ಬಿದ್ದಿದ್ದವು. ಬಡ್ತಿ, ಜ್ಯೇಷ್ಠತೆ, ಅಮಾನತು, ಪಿಂಚಣಿ ಎಲ್ಲವೂ ರಿಟ್ ಅರ್ಜಿಯಾಗಿ ಬರುತ್ತಿದ್ದವು. ಬಾಕಿ ಮೊಕದ್ದಮೆಗಳನ್ನು ಪರಿಶೀಲಿಸಿದ ನ್ಯಾಯಮೂರ್ತಿ ಜೆ.ಸಿ. ಷಾ ಸಮಿತಿ 1969ರಲ್ಲಿ ನೌಕರಿಯ ವಿವಾದಗಳಿಗೆ ಪ್ರತ್ಯೇಕ ನ್ಯಾಯಮಂಡಳಿ ಬೇಕೆಂದಿತು. ತುರ್ತುಪರಿಸ್ಥಿತಿಯ ನಡುವೆ ಸ್ವರಣ್ ಸಿಂಗ್ ಸಮಿತಿ ಅದೇ ಮಾತನ್ನು ಎತ್ತಿಕೊಂಡಿತು. 42ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 323ಎ ವಿಧಿ ಸೇರಿತು. ಈ ಹುಟ್ಟಿನ ಕಾಲವನ್ನು ಮರೆಯುವಂತಿಲ್ಲ. ಹೈಕೋರ್ಟುಗಳ ಬಲ ಕುಗ್ಗಿಸುವುದು ಆ ದಿನಗಳ ಸರ್ಕಾರಕ್ಕೆ ಬೇಕಿತ್ತು. ನೌಕರನಿಗೆ ಬೇಗ ಪರಿಹಾರ ಸಿಗಬೇಕೆಂಬ ಪ್ರಾಮಾಣಿಕ ಕಾಳಜಿಯೂ ಜತೆಗಿತ್ತು. ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದರಲ್ಲಿ ಸಂವಿಧಾನ ತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ.

ವಿಧಿ ಬಂದರೂ ಕಾಯ್ದೆ ಬರಲು 1985ರವರೆಗೆ ಕಾಯಬೇಕಾಯಿತು. ಆ ವರ್ಷದ ನವೆಂಬರ್ 1ರಂದು ಕೇಂದ್ರ ಆಡಳಿತ ನ್ಯಾಯಮಂಡಳಿ, ಅಂದರೆ ಸಿಎಟಿ, ಕೆಲಸ ಆರಂಭಿಸಿತು. ಮರುವರ್ಷ ಬೆಂಗಳೂರಿನಲ್ಲೂ ಅದರ ಪೀಠ ಕೂತಿತು. 1986ರ ಅಕ್ಟೋಬರ್ 6ರಂದು ರಾಜ್ಯ ನೌಕರರಿಗೆಂದು ಕರ್ನಾಟಕ ಆಡಳಿತ ನ್ಯಾಯಮಂಡಳಿ, ಅಂದರೆ ಕೆಎಟಿ, ಸ್ಥಾಪನೆಯಾಯಿತು. ವಕೀಲರಿಲ್ಲದೆ ನೌಕರನೇ ನಿಂತು ವಾದಿಸಬಹುದು, ಸಿವಿಲ್ ಕೋರ್ಟಿನ ಕಟ್ಟುಪಾಡುಗಳು ಇಲ್ಲಿಲ್ಲ, ಶುಲ್ಕ ಅಲ್ಪ. ಹೈಕೋರ್ಟಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ಎಷ್ಟೋ ಗುಮಾಸ್ತರು, ಶಿಕ್ಷಕರು, ಪೊಲೀಸ್ ಪೇದೆಗಳು ಇಲ್ಲಿಗೆ ಬಂದರು.

ಕಾಯ್ದೆಯ ಒಳಗೆ ಮಾತ್ರ ಬೇಲಿಗಳು ಹಲವು. ಸೈನಿಕರಿಗೆ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳ ಸಿಬ್ಬಂದಿಗೆ, ಸಂಸತ್ತಿನ ಸಚಿವಾಲಯದವರಿಗೆ ಪ್ರವೇಶವಿಲ್ಲ. ನಿಗಮ, ಮಂಡಳಿಗಳ ನೌಕರರು ಬರಬೇಕಾದರೆ ಸರ್ಕಾರ ಅಧಿಸೂಚನೆ ಹೊರಡಿಸಿರಬೇಕು. ಅರ್ಜಿದಾರ ‘ನಾಗರಿಕ ಹುದ್ದೆ’ ಹೊಂದಿರಬೇಕು. ಇಲಾಖೆಯೊಳಗಿನ ಮೇಲ್ಮನವಿಯ ದಾರಿ ಮುಗಿಸಿರಬೇಕು, ಇಲ್ಲವೇ ಆರು ತಿಂಗಳು ಕಾದಿರಬೇಕು. ಅಂತಿಮ ಆದೇಶದಿಂದ ಒಂದು ವರ್ಷದೊಳಗೆ ಬರಬೇಕು. ಇವೆಲ್ಲ ದಾಟಿದವನಿಗೆ ‘ಸೇವಾ ವಿಷಯ’ ಎಂಬ ಪದದ ವಿಸ್ತಾರ ದೊಡ್ಡದು: ಭತ್ಯೆಗಳೂ ಸೇರಿದಂತೆ ಸಂಬಳ, ಪಿಂಚಣಿ, ಬಡ್ತಿ, ಶಿಸ್ತುಕ್ರಮ, ಇನ್ನಿತರ ಏನಾದರೂ. ಓಟಿ ಭತ್ಯೆ ಇದರಲ್ಲಿ ಸಲೀಸಾಗಿ ಅಡಗುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ.

ಆದರೆ 28ನೇ ಕಲಮಿನಲ್ಲಿ ಒಂದು ವಿನಾಯಿತಿ ಇತ್ತು. ನ್ಯಾಯಮಂಡಳಿಯ ವಿಷಯಗಳನ್ನು ಬೇರೆ ಕೋರ್ಟುಗಳು ಮುಟ್ಟಬಾರದೆಂದು ಹೇಳುತ್ತಲೇ, ಕೈಗಾರಿಕಾ ವಿವಾದಗಳ ಕಾಯ್ದೆ ಅಥವಾ ‘ಅದಕ್ಕೆ ಸರಿಸಮನಾದ ಬೇರೆ ಕಾನೂನಿನ’ ಅಡಿ ಇರುವ ಕಾರ್ಮಿಕ ನ್ಯಾಯಾಲಯಗಳು, ಪ್ರಾಧಿಕಾರಗಳು ತಮ್ಮ ಅಧಿಕಾರ ಉಳಿಸಿಕೊಳ್ಳುತ್ತವೆ ಎಂದು ಅದು ಹೇಳಿತು. ಸರ್ಕಾರವೇ ನಡೆಸುವ ಮುದ್ರಣಾಲಯ, ಕಾರ್ಯಾಗಾರ, ರೈಲ್ವೆ, ಲೋಕೋಪಯೋಗಿ ಕಾಮಗಾರಿಗಳಲ್ಲಿ ದುಡಿಯುವವನು ಒಂದು ಕಣ್ಣಿಗೆ ಸರ್ಕಾರಿ ನೌಕರ, ಇನ್ನೊಂದು ಕಣ್ಣಿಗೆ ಕಾರ್ಮಿಕ. ಅವನು ಎಲ್ಲಿಗೆ ಹೋಗಬೇಕು? 1990ರಲ್ಲಿ ಸಿಎಟಿಯ ಹೈದರಾಬಾದಿನ ಪೂರ್ಣಪೀಠ ಪದ್ಮಾವಳ್ಳಿ ಪ್ರಕರಣದಲ್ಲಿ, ನಾವು ಕೈಗಾರಿಕಾ ನ್ಯಾಯಮಂಡಳಿಗಳ ಬದಲಿ ವ್ಯವಸ್ಥೆಯಲ್ಲ, ಕಾರ್ಮಿಕ ಕಾನೂನಿನಲ್ಲಿ ಪರಿಹಾರ ಬಯಸುವವರು ಮೊದಲು ಅಲ್ಲಿನ ದಾರಿ ಮುಗಿಸಿ ಬರಬೇಕು ಎಂದಿತು.

1995ರಲ್ಲಿ ಈ ಗೆರೆ ಇನ್ನೂ ಗಟ್ಟಿಯಾಯಿತು. ಸರ್ಕಾರಿ ಮುದ್ರಣ ಮತ್ತು ಲೇಖನ ಸಾಮಗ್ರಿ ಇಲಾಖೆಯ ನೌಕರರೊಬ್ಬರು 1936ರ ವೇತನ ಪಾವತಿ ಕಾಯ್ದೆಯಡಿ ತಮ್ಮ ಹಣ ಕೇಳಿದ್ದರು. ಆ ಕಾಯ್ದೆಯ ಪ್ರಕಾರ ಮೇಲ್ಮನವಿ ಹೋಗಬೇಕಾದ್ದು ಜಿಲ್ಲಾ ನ್ಯಾಯಾಧೀಶರಿಗೆ. ನ್ಯಾಯಮಂಡಳಿ ಬಂದ ಮೇಲೆ ಅದು ಸಿಎಟಿಗೆ ಹೋಗಬೇಕಲ್ಲವೇ ಎಂಬ ಪ್ರಶ್ನೆ ಎದ್ದಿತು. ಸುಪ್ರೀಂ ಕೋರ್ಟಿನ ಕುಲದೀಪ್ ಸಿಂಗ್ ಮತ್ತು ಎಸ್. ಸಗೀರ್ ಅಹ್ಮದ್ ಅವರ ಪೀಠ ಇಲ್ಲ ಎಂದಿತು. ವೇತನ ಪಾವತಿ ಕಾಯ್ದೆ ಕೈಗಾರಿಕಾ ಕಾನೂನಿಗೆ ಸರಿಸಮನಾದ ಕಾನೂನು; ಅದರ ಪ್ರಾಧಿಕಾರದ ಅಧಿಕಾರವೂ, ಅದರ ಮೇಲಿನ ಮೇಲ್ಮನವಿಯೂ 28ನೇ ಕಲಮಿನ ವಿನಾಯಿತಿಯಲ್ಲಿ ಉಳಿದಿವೆ; ಅಲ್ಲಿಗೆ ಸಿಎಟಿ ಕೈ ಹಾಕುವಂತಿಲ್ಲ. ಕಾನೂನಿನ ದೃಷ್ಟಿಯಿಂದ ಇದು ಸ್ಪಷ್ಟವಾದ, ಸರಿಯಾದ ತೀರ್ಪು ಎಂದೇ ನಾನು ನಂಬುತ್ತೇನೆ. ಕಾರ್ಮಿಕನಿಗೆ ಹತ್ತಿರವಿದ್ದ ಅಗ್ಗದ ದಾರಿಯನ್ನು ಅದು ಉಳಿಸಿಕೊಟ್ಟಿತು. ಅದರ ಹಿಂದಿನ ವರ್ಷ ದೆಹಲಿ ಮಹಾನಗರಪಾಲಿಕೆಯ ದಿನಗೂಲಿಗಳ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, 33ಸಿ(2) ಅಡಿ ಕಾರ್ಮಿಕ ನ್ಯಾಯಾಲಯ ಮೊದಲೇ ಇತ್ಯರ್ಥವಾದ ಹಕ್ಕಿನ ಲೆಕ್ಕ ಹಾಕಬಹುದೇ ಹೊರತು, ಹಕ್ಕು ಇದೆಯೋ ಇಲ್ಲವೋ ಎಂದು ಅಲ್ಲಿ ಹೊಸದಾಗಿ ತೀರ್ಮಾನಿಸುವಂತಿಲ್ಲ ಎಂದಿತು. ಓಟಿ ಕೊಡಬೇಕಾದ್ದೇ ಇಲ್ಲ ಎಂದು ಆಡಳಿತ ತಕರಾರು ತೆಗೆದ ಕ್ಷಣವೇ ಲೆಕ್ಕದ ಅರ್ಜಿ ಕುಂಟತೊಡಗುತ್ತದೆ. ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದರೆ ಮಾತ್ರ ದುಡಿಯುವವನ ಇಕ್ಕಟ್ಟು ಅರ್ಥವಾಗುತ್ತದೆ.

1997 ಈ ಕಥೆಯ ತಿರುವಿನ ವರ್ಷ. ಐದು ತಿಂಗಳ ಅಂತರದಲ್ಲಿ ಎರಡು ತೀರ್ಪುಗಳು ಬಂದವು. ಒಂದು ನ್ಯಾಯಮಂಡಳಿಗಳ ಸ್ಥಾನವನ್ನು ಬದಲಿಸಿತು, ಇನ್ನೊಂದು ಅವುಗಳ ಮುಂದೆ ಬರಬೇಕಾದ ದೂರಿನ ಸ್ವರೂಪವನ್ನೇ ಬದಲಿಸಿತು.

ಮೊದಲನೆಯದು ಮಾರ್ಚ್ 18ರ ಎಲ್. ಚಂದ್ರಕುಮಾರ್ ಪ್ರಕರಣ. 1985ರ ಕಾಯ್ದೆಯಂತೆ ನ್ಯಾಯಮಂಡಳಿಯ ಮೇಲೆ ಸುಪ್ರೀಂ ಕೋರ್ಟ್ ಮಾತ್ರ. ನಡುವೆ ಹೈಕೋರ್ಟ್ ಇಲ್ಲ. 1986ರ ಡಿಸೆಂಬರಿನಲ್ಲಿ ಸಂಪತ್ ಕುಮಾರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ಇದನ್ನು ಒಪ್ಪಿದ್ದರು. ನ್ಯಾಯಮಂಡಳಿ ಹೈಕೋರ್ಟಿಗೆ ಪರಿಣಾಮಕಾರಿಯಾದ ಪರ್ಯಾಯವಾಗಿದ್ದರೆ ಸಾಕು ಎಂದಿದ್ದರು. ಹನ್ನೊಂದು ವರ್ಷಗಳ ಅನುಭವ ಬೇರೆಯದನ್ನೇ ಹೇಳಿತು. ಬಿಜಾಪುರದ ಗುಮಾಸ್ತನೊಬ್ಬ ಕೆಎಟಿಯಲ್ಲಿ ಸೋತರೆ ಅವನಿಗೆ ಉಳಿದದ್ದು ದೆಹಲಿಯ ರೈಲು. ಆ ಖರ್ಚು ಭರಿಸಲಾಗದವನ ಪಾಲಿಗೆ ನ್ಯಾಯಮಂಡಳಿಯ ಮಾತೇ ಕೊನೆಯದಾಗುತ್ತಿತ್ತು. ಮುಖ್ಯ ನ್ಯಾಯಮೂರ್ತಿ ಎ.ಎಂ. ಅಹ್ಮದಿ ನೇತೃತ್ವದ ಏಳು ನ್ಯಾಯಮೂರ್ತಿಗಳ ಪೀಠ, ಹೈಕೋರ್ಟಿನ ಪುನರ್‌ವಿಮರ್ಶೆಯ ಅಧಿಕಾರ ಸಂವಿಧಾನದ ಮೂಲರಚನೆಗೆ ಸೇರಿದ್ದು, ಅದನ್ನು ಕಿತ್ತುಕೊಳ್ಳಲಾಗದು ಎಂದಿತು. ನ್ಯಾಯಮಂಡಳಿಗಳು ಉಳಿದವು, ಆದರೆ ಮೊದಲ ಹಂತದ ನ್ಯಾಯಾಲಯಗಳಾಗಿ. ಅವುಗಳ ತೀರ್ಪನ್ನು ಹೈಕೋರ್ಟಿನ ವಿಭಾಗೀಯ ಪೀಠ ಪರಿಶೀಲಿಸಬಹುದಾಯಿತು.

ಇದರಿಂದ ಬೇಗ ಪರಿಹಾರ ಎಂಬ ಮೂಲ ಉದ್ದೇಶವೇ ಹೋಯಿತು ಎಂದು ವಾದಿಸುವವರಿದ್ದಾರೆ. ಮುಂದೆ ಮಧ್ಯಪ್ರದೇಶ, ತಮಿಳುನಾಡು, ಹಿಮಾಚಲ, ಒಡಿಶಾ ರಾಜ್ಯಗಳು ತಮ್ಮ ನ್ಯಾಯಮಂಡಳಿಗಳನ್ನು ಮುಚ್ಚಿದಾಗ ಈ ವಾದವೇ ನೆಪವೂ ಆಯಿತು, ಕಾರಣವೂ ಆಯಿತು. ಒಡಿಶಾದ ನಿರ್ಧಾರವನ್ನು ಸುಪ್ರೀಂ ಕೋರ್ಟ್ 2023ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. ಕರ್ನಾಟಕ ಕೆಎಟಿಯನ್ನು ಉಳಿಸಿಕೊಂಡಿದೆ. ಹಂತವೊಂದು ಹೆಚ್ಚಾಯಿತು ಎಂಬುದು ನಿಜ. ಆದರೂ ತನ್ನ ಊರಿಗೆ ಹತ್ತಿರದ ಹೈಕೋರ್ಟಿನಲ್ಲಿ ಇನ್ನೊಮ್ಮೆ ಕೇಳಿಸಿಕೊಳ್ಳುವ ಅವಕಾಶ ಸಾಮಾನ್ಯ ನೌಕರನಿಗೆ ದೊಡ್ಡದು. ಚಂದ್ರಕುಮಾರ್ ತೀರ್ಪು ಬಾರದೇ ಹೋಗಿದ್ದರೆ ಅದು ಇರುತ್ತಿರಲಿಲ್ಲ.

ಎರಡನೆಯದು ಆಗಸ್ಟ್ 13ರ ವಿಶಾಖಾ ತೀರ್ಪು. ಅದರ ಬೇರು ರಾಜಸ್ಥಾನದ ಭಟೇರಿ ಗ್ರಾಮದಲ್ಲಿದೆ. ಭಂವರಿ ದೇವಿ ಅಲ್ಲಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ‘ಸಾಥಿನ್’. ಬಾಲ್ಯವಿವಾಹ ತಡೆಯುವುದು ಅವರ ಕೆಲಸದ ಭಾಗವಾಗಿತ್ತು. ಆ ಕೆಲಸ ಮಾಡಿದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಅವರು ಸರ್ಕಾರ ಹೇಳಿದ ಕೆಲಸವನ್ನೇ ಮಾಡುತ್ತಿದ್ದರು, ಆದರೆ ಪಡೆಯುತ್ತಿದ್ದುದು ಸಂಬಳವಲ್ಲ, ಗೌರವಧನ. ಕೆಲಸಕ್ಕೆ ಕಳಿಸಿದವರ ಹೊಣೆ ಎಷ್ಟು ಎಂದು ಕೇಳಲು ಅವರಿಗೆ ನಾಗರಿಕ ಹುದ್ದೆ ಇರಲಿಲ್ಲ, ಸೇವಾ ನಿಯಮ ಇರಲಿಲ್ಲ, ಹೋಗಲು ಯಾವ ನ್ಯಾಯಮಂಡಳಿಯೂ ಇರಲಿಲ್ಲ. ಮಹಿಳಾ ಸಂಘಟನೆಗಳು ನೇರವಾಗಿ ಸುಪ್ರೀಂ ಕೋರ್ಟಿಗೇ ಹೋದವು. ಜೆ.ಎಸ್. ವರ್ಮಾ, ಸುಜಾತಾ ಮನೋಹರ್, ಬಿ.ಎನ್. ಕೃಪಾಲ್ ಅವರ ಪೀಠ, ಈ ವಿಷಯದಲ್ಲಿ ಕಾಯ್ದೆಯೇ ಇಲ್ಲದ್ದನ್ನು ಕಂಡು, ಮಹಿಳೆಯರ ಮೇಲಿನ ತಾರತಮ್ಯ ನಿವಾರಣೆಯ ಅಂತಾರಾಷ್ಟ್ರೀಯ ಒಪ್ಪಂದವನ್ನು ಆಧಾರವಾಗಿಟ್ಟುಕೊಂಡು, ತಾನೇ ಮಾರ್ಗಸೂಚಿ ರಚಿಸಿತು. ಪ್ರತಿ ಕೆಲಸದ ಸ್ಥಳದಲ್ಲೂ ದೂರು ಸಮಿತಿ ಇರಬೇಕು, ಅದರ ಮುಖ್ಯಸ್ಥೆ ಮಹಿಳೆಯಾಗಿರಬೇಕು, ಹೊರಗಿನವರೊಬ್ಬರು ಸದಸ್ಯರಾಗಿರಬೇಕು.

ಸಮಿತಿ ಬಂತು. ಅದರ ವರದಿಗೆ ಬೆಲೆ ಎಷ್ಟು? ಇಲ್ಲಿ ಮತ್ತೆ ಅಧಿಕಾರದ ಜಗಳ ಮೊದಲಾಯಿತು. ಸಮಿತಿ ಪ್ರಾಥಮಿಕ ತನಿಖೆ ಮಾಡಿತೆಂದು ಇಟ್ಟುಕೊಂಡು, ಇಲಾಖೆಗಳು ಅದರ ಮೇಲೆ ಹೊಸದಾಗಿ ಇಲಾಖಾ ವಿಚಾರಣೆ ನಡೆಸುತ್ತಿದ್ದವು. ದೂರು ಕೊಟ್ಟವಳು ಆದದ್ದನ್ನೆಲ್ಲ ಇನ್ನೊಬ್ಬ ಅಧಿಕಾರಿಯ ಮುಂದೆ, ಆರೋಪಿಯ ಎದುರು, ಮತ್ತೆ ಹೇಳಬೇಕು. ಮೇಧಾ ಕೋತ್ವಾಲ್ ಲೇಲೆ ಪ್ರಕರಣದಲ್ಲಿ 2004ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟ್ ಇದಕ್ಕೆ ತಡೆ ಹಾಕಿತು: ಸಮಿತಿಯ ವರದಿಯನ್ನೇ ಶಿಸ್ತು ನಿಯಮಗಳ ಅಡಿಯ ವಿಚಾರಣಾ ವರದಿ ಎಂದು ಪರಿಗಣಿಸಬೇಕು. ಅದೇ ವರ್ಷ ಕೇಂದ್ರದ ಶಿಸ್ತು ನಿಯಮಗಳಿಗೆ ತಿದ್ದುಪಡಿಯಾಯಿತು. ನನ್ನ ಲೆಕ್ಕದಲ್ಲಿ ವಿಶಾಖಾ ತೀರ್ಪಿಗಿಂತ ಕಡಿಮೆ ಹೆಸರು ಗಳಿಸಿದ ಈ ಆದೇಶವೇ ಕಚೇರಿಗಳಲ್ಲಿ ಹೆಚ್ಚು ಬದಲಾವಣೆ ತಂದಿತು. ಸಮಿತಿಯ ವರದಿಯ ಮೇಲೆ ಶಿಕ್ಷೆಯಾದರೆ ಅದು ಶಿಸ್ತುಕ್ರಮ. ಶಿಸ್ತುಕ್ರಮ ಸೇವಾ ವಿಷಯ. ಸೇವಾ ವಿಷಯ ನ್ಯಾಯಮಂಡಳಿಗೆ ಸೇರಿದ್ದು. ಹೀಗೆ ಕಿರುಕುಳದ ದೂರು ಸಿಎಟಿ, ಕೆಎಟಿಗಳ ಅಂಗಳಕ್ಕೆ ಬಂತು.

ಬಂದ ಮೇಲೂ ನ್ಯಾಯಮಂಡಳಿಯ ಕೈ ಎಷ್ಟು ಉದ್ದ ಎಂಬ ಪ್ರಶ್ನೆ ಇದ್ದೇ ಇತ್ತು. ಅದಕ್ಕೆ ಉತ್ತರ ನ್ಯಾಯಮಂಡಳಿಯದಲ್ಲದ ಇನ್ನೊಂದು ಪ್ರಕರಣದಿಂದ ಸಿಕ್ಕಿತ್ತು. ದೆಹಲಿಯ ಉಡುಪು ರಫ್ತು ಉತ್ತೇಜನ ಮಂಡಳಿಯಲ್ಲಿ ಕಿರಿಯ ಮಹಿಳಾ ಸಿಬ್ಬಂದಿಗೆ ಕಿರುಕುಳ ಕೊಟ್ಟ ಅಧಿಕಾರಿಯನ್ನು ಕೆಲಸದಿಂದ ತೆಗೆದಿದ್ದರು. ಮೈಮುಟ್ಟಲು ಯತ್ನಿಸಿದ, ಆದರೆ ಮುಟ್ಟಲಿಲ್ಲ ಎಂಬ ಕಾರಣ ಕೊಟ್ಟು ದೆಹಲಿ ಹೈಕೋರ್ಟ್ ಶಿಕ್ಷೆಯನ್ನು ಸಡಿಲಿಸಿತ್ತು. 1999ರ ಜನವರಿ 20ರಂದು ಸುಪ್ರೀಂ ಕೋರ್ಟ್ ವಜಾ ಆದೇಶವನ್ನು ಮರಳಿ ನಿಲ್ಲಿಸಿತು. ದೈಹಿಕ ಸ್ಪರ್ಶ ಆಗಲೇಬೇಕೆಂದಿಲ್ಲ. ಇಲಾಖೆ ಸಾಕ್ಷ್ಯ ನೋಡಿ ಬಂದ ತೀರ್ಮಾನವನ್ನು ಪುನರ್‌ವಿಮರ್ಶೆಯ ನ್ಯಾಯಾಲಯ ಮೇಲ್ಮನವಿಯಂತೆ ಮತ್ತೆ ತೂಗಬಾರದು ಎಂದಿತು. ನ್ಯಾಯಮಂಡಳಿಗಳಿಗೂ ಇದೇ ಮಿತಿ. ವಿಚಾರಣೆ ನಿಯಮಬದ್ಧವಾಗಿ ನಡೆಯಿತೇ, ತೀರ್ಮಾನಕ್ಕೆ ಪುರಾವೆ ಇದೆಯೇ, ಶಿಕ್ಷೆ ಅಂತಃಸಾಕ್ಷಿಯನ್ನು ಕಲಕುವಷ್ಟು ಹೆಚ್ಚೇ ಎಂದು ಮಾತ್ರ ಅವು ನೋಡಬಹುದು. ಈ ಮಿತಿ ಅಂದು ಮಹಿಳೆಯ ಪರವಾಗಿ ಕೆಲಸ ಮಾಡಿತು. ಸಮಿತಿಯೇ ಆರೋಪಿಯ ಕಡೆ ವಾಲಿ ದೂರನ್ನು ತಳ್ಳಿಹಾಕಿದಾಗ ಅದೇ ಮಿತಿ ಅವಳಿಗೆ ಅಡ್ಡವಾಗುತ್ತದೆ.

ಕರ್ನಾಟಕದ ಓದುಗರು ಇಲ್ಲಿ ಒಂದು ತೀರ್ಪನ್ನು ನೆನಪಿಡಬೇಕು. ನಮ್ಮ ಅಂಗನವಾಡಿ ಕಾರ್ಯಕರ್ತೆಯರು ತಮ್ಮ ಅಹವಾಲು ಹಿಡಿದು ಕೆಎಟಿಗೆ ಹೋಗಬಹುದೇ ಎಂಬ ವಿವಾದ ಕರ್ನಾಟಕ ಸರ್ಕಾರದ ಮೇಲ್ಮನವಿಯಾಗಿ ಸುಪ್ರೀಂ ಕೋರ್ಟ್ ಮುಟ್ಟಿತು. ಅಮೀರ್‌ಬಿ ಪ್ರಕರಣವೆಂದು ಹೆಸರಾದ ಅದರಲ್ಲಿ 2006ರ ಡಿಸೆಂಬರಿನಲ್ಲಿ ತೀರ್ಪಾಯಿತು: ಅಂಗನವಾಡಿ ಕಾರ್ಯಕರ್ತೆಯರದು ಯೋಜನೆಯ ಕೆಲಸ, ಅವರು ನಾಗರಿಕ ಹುದ್ದೆ ಹೊಂದಿದವರಲ್ಲ, ಹಾಗಾಗಿ ಅವರ ಅರ್ಜಿ ಕೆಎಟಿಯ ಮುಂದೆ ನಿಲ್ಲದು. ಹಳ್ಳಿಯ ಮಕ್ಕಳ ಊಟ, ತೂಕ, ಗರ್ಭಿಣಿಯರ ಆರೈಕೆ, ಜತೆಗೆ ಸರ್ಕಾರ ಹೊರಿಸುವ ಸಮೀಕ್ಷೆಗಳು. ನಿಗದಿತ ಹೊತ್ತು ಮೀರಿ ದುಡಿಯುವವರಲ್ಲಿ ಇವರು ಮೊದಲಿಗರು. ಓಟಿ ಎಂಬ ಮಾತು ಅವರ ಪಾಲಿಗೆ ಇಲ್ಲವೇ ಇಲ್ಲ. ಭಟೇರಿಯ ಸಾಥಿನ್ ನಿಂತಿದ್ದ ಜಾಗದಲ್ಲೇ ಕಾನೂನು ಅವರನ್ನೂ ನಿಲ್ಲಿಸಿತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಇವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದಾಗ, ಹದಿನೈದು ವರ್ಷಗಳ ನಂತರ ಒಂದು ಕಿಂಡಿ ತೆರೆಯಿತು. ಆ ಹಕ್ಕು ಬಂದದ್ದು ಸೇವಾ ಕಾನೂನಿನಿಂದಲ್ಲ, ಕಾರ್ಮಿಕ ಕಾನೂನಿನಿಂದ.

ಕಿರುಕುಳದ ವಿಷಯದಲ್ಲಿ ಸಂಸತ್ತು ಹೆಚ್ಚು ಉದಾರವಾಯಿತು. 2013ರ ಡಿಸೆಂಬರ್ 9ರಂದು ಜಾರಿಗೆ ಬಂದ ಕಾಯ್ದೆ ‘ನೌಕರ’ ಎಂಬುದಕ್ಕೆ ಕೊಟ್ಟ ಅರ್ಥದಲ್ಲಿ ಕಾಯಂ, ತಾತ್ಕಾಲಿಕ, ದಿನಗೂಲಿ, ಗುತ್ತಿಗೆ, ಸಂಬಳವಿಲ್ಲದ ಸ್ವಯಂಸೇವೆ ಎಲ್ಲವೂ ಸೇರಿದವು. ಸಾಥಿನ್ ಆಗಲಿ, ಅಂಗನವಾಡಿ ಕಾರ್ಯಕರ್ತೆಯಾಗಲಿ ಹೊರಗುಳಿಯುವ ಪ್ರಶ್ನೆ ಬರಲಿಲ್ಲ. ಹತ್ತು ಅಥವಾ ಹೆಚ್ಚು ಜನ ಇರುವಲ್ಲಿ ಆಂತರಿಕ ಸಮಿತಿ, ಇಲ್ಲದವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ. ಆದರೆ ಮೇಲ್ಮನವಿಯ 18ನೇ ಕಲಮು ಹಳೆಯ ಗೋಜಲನ್ನು ಹಾಗೆಯೇ ಬಿಟ್ಟಿತು: ಸೇವಾ ನಿಯಮಗಳಂತೆ ‘ನ್ಯಾಯಾಲಯ ಅಥವಾ ನ್ಯಾಯಮಂಡಳಿಗೆ’ ಹೋಗಬೇಕು, ಸೇವಾ ನಿಯಮ ಇಲ್ಲದವರು ಬೇರೊಂದು ಪ್ರಾಧಿಕಾರಕ್ಕೆ. ದೂರು ಕೊಡುವಾಗ ಎಲ್ಲರೂ ಒಂದೇ. ಮೇಲ್ಮನವಿಯ ಹೊತ್ತಿಗೆ ಯಾರು ಯಾವ ಹುದ್ದೆಯವರು ಎಂಬುದು ಮತ್ತೆ ಮುನ್ನೆಲೆಗೆ ಬರುತ್ತದೆ.

ಓಟಿಯ ವಿಷಯದಲ್ಲಿ ದೊಡ್ಡ ತೀರ್ಪು ಬಂದದ್ದು 2023ರ ಏಪ್ರಿಲ್ 18ರಂದು, ನಾಸಿಕ್‌ನಿಂದ. ನೋಟು, ಛಾಪಾ ಕಾಗದ ಮುದ್ರಿಸುವ ಅಲ್ಲಿನ ಸರ್ಕಾರಿ ಮುದ್ರಣಾಲಯಗಳನ್ನು 2006ರಲ್ಲಿ ಭದ್ರತಾ ಮುದ್ರಣ ಮತ್ತು ಟಂಕಸಾಲೆ ನಿಗಮಕ್ಕೆ ಒಪ್ಪಿಸಲಾಗಿತ್ತು. ಅಲ್ಲಿನ ಮೇಲ್ವಿಚಾರಕರು ಕೇಳಿದ್ದು 1948ರ ಕಾರ್ಖಾನೆಗಳ ಕಾಯ್ದೆಯ 59ನೇ ಕಲಮಿನ ಹಕ್ಕನ್ನು. ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ದುಪ್ಪಟ್ಟು ಕೂಲಿ ಎಂದು ಅದು ಹೇಳುತ್ತಿತ್ತು. ಅವರು ಹೋದದ್ದು ಮುಂಬೈಯ ಸಿಎಟಿಗೆ. ಸಿಎಟಿ ಒಪ್ಪಲಿಲ್ಲ, ಬಾಂಬೆ ಹೈಕೋರ್ಟ್ ಅದನ್ನು ತಿರುಗಿಸಿ ದುಪ್ಪಟ್ಟು ಕೊಡಿ ಎಂದಿತು. ಸುಪ್ರೀಂ ಕೋರ್ಟಿನಲ್ಲಿ ವಿ. ರಾಮಸುಬ್ರಮಣಿಯನ್ ಮತ್ತು ಪಂಕಜ್ ಮಿತ್ತಲ್ ಅವರ ಪೀಠ ಹೈಕೋರ್ಟಿನ ಆದೇಶವನ್ನು ರದ್ದು ಮಾಡಿತು. ನಾಗರಿಕ ಹುದ್ದೆಯಲ್ಲಿರುವವನು ಕಾರ್ಖಾನೆಯ ಕಾರ್ಮಿಕನಿಗಿಂತ ಬೇರೆ. ವೇತನ ಆಯೋಗಗಳ ಪರಿಷ್ಕರಣೆ, ಇತರ ಸವಲತ್ತುಗಳು ಅವನಿಗಿವೆ. ಮೂಲಭೂತ ನಿಯಮಗಳ ಪ್ರಕಾರ ಅವನ ಇಡೀ ಸಮಯ ಸರ್ಕಾರದ ಅಧೀನ. ಸೇವಾ ನಿಯಮದಲ್ಲಿ ಇಲ್ಲದ ಓಟಿಯನ್ನು ಕೇಳುವುದು ಎರಡೂ ಲೋಕದ ಲಾಭ ಬಯಸಿದಂತೆ ಎಂಬುದು ನ್ಯಾಯಾಲಯದ ತರ್ಕ.

ಈ ತರ್ಕದ ಮೊದಲರ್ಧ ನನಗೆ ಒಪ್ಪಿಗೆ. ಕಾಯಂ ಕೆಲಸ, ಪಿಂಚಣಿ, ಭದ್ರತೆ ಪಡೆದ ಮೇಲ್ವಿಚಾರಕನನ್ನೂ ದಿನಗೂಲಿಯವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಹೊತ್ತು ಮೀರಿದ ದುಡಿಮೆಗೆ ಸಲ್ಲಬೇಕಾದ ಪ್ರತಿಫಲ, ದುಡಿದವನಿಗೆ ಇರುವ ಬೇರೆ ಸವಲತ್ತುಗಳಿಂದ ತೀರಿಹೋಗುತ್ತದೆಯೇ? ಎರಡೂ ಲೋಕದ ಲಾಭ ಬಯಸುವವರ ಬಗ್ಗೆ ನ್ಯಾಯಾಲಯ ಎಚ್ಚರಿಸಿತು. ಎರಡೂ ಲೋಕದ ಲಾಭ ಇಲ್ಲದವರು ಅದೇ ಸರ್ಕಾರದ ಕೆಲಸದಲ್ಲಿ ಎಷ್ಟು ಮಂದಿ ಇದ್ದಾರೆಂಬುದು ಆ ಪ್ರಕರಣದಲ್ಲಿ ಬರಲೇ ಇಲ್ಲ. ಏಳನೇ ವೇತನ ಆಯೋಗದ ಶಿಫಾರಸಿನಂತೆ 2018ರಲ್ಲಿ ಕೇಂದ್ರ ಸರ್ಕಾರ ಓಟಿ ಭತ್ಯೆಯನ್ನೇ ನಿಲ್ಲಿಸಿತ್ತು. ಕಾರ್ಯಾಚರಣೆಯ ಸಿಬ್ಬಂದಿ ಮತ್ತು ಶಾಸನದ ರಕ್ಷಣೆ ಇರುವ ಕೈಗಾರಿಕಾ ನೌಕರರಿಗೆ ಮಾತ್ರ ಉಳಿಸಿತ್ತು. ಇಂದು ಸರ್ಕಾರಿ ಕಚೇರಿಯಲ್ಲಿ ರಾತ್ರಿಯವರೆಗೆ ಕೂತು ಕಡತ ಮುಗಿಸುವ ಗುಮಾಸ್ತನಿಗೆ ನ್ಯಾಯಮಂಡಳಿಯಲ್ಲಿ ಕೇಳಲು ನಿಯಮವಿಲ್ಲ, ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು ಅವನು ಕಾರ್ಮಿಕನಲ್ಲ.

ಕಿರುಕುಳದ ಕಾಯ್ದೆಗೂ 2023ರಲ್ಲೇ ಪರೀಕ್ಷೆ ಎದುರಾಯಿತು. ಗೋವಾ ವಿಶ್ವವಿದ್ಯಾಲಯದ ಪ್ರಕರಣವೊಂದರಲ್ಲಿ ಮೇ 12ರಂದು, ಕೊಡಗಿನ ಮೂಲದ ಎ.ಎಸ್. ಬೋಪಣ್ಣ ಮತ್ತು ಹಿಮಾ ಕೊಹ್ಲಿ ಅವರ ಪೀಠ, ಸಮಿತಿ ಅವಸರದಲ್ಲಿ ವಿಚಾರಣೆ ಮುಗಿಸಿದ್ದಕ್ಕಾಗಿ ಶಿಕ್ಷೆಯನ್ನೇ ರದ್ದುಪಡಿಸಿತು. ಹತ್ತು ವರ್ಷವಾದರೂ ಕಾಯ್ದೆಯ ಜಾರಿಯಲ್ಲಿ ಗಂಭೀರ ಕೊರತೆಗಳಿವೆ ಎಂದು ಗುರುತಿಸಿ, ಎಲ್ಲ ಸರ್ಕಾರಗಳೂ ತಮ್ಮಲ್ಲಿ ಸಮಿತಿಗಳು ನಿಜಕ್ಕೂ ರಚನೆಯಾಗಿವೆಯೇ ಎಂದು ಪರಿಶೀಲಿಸಬೇಕೆಂದಿತು. ಸಮಿತಿ ಸರಿಯಾಗಿ ಕೆಲಸ ಮಾಡದಿದ್ದರೆ ಆರೋಪಿಗೂ ಅನ್ಯಾಯ, ದೂರು ಕೊಟ್ಟವಳ ವರ್ಷಗಳೂ ವ್ಯರ್ಥ.

2025ರ ಡಿಸೆಂಬರಿನಲ್ಲಿ ಬಂದ ತೀರ್ಪು ಈ ಸಾಲಿನಲ್ಲಿ ಆಶೆ ಹುಟ್ಟಿಸುವಂಥದ್ದು. ದೆಹಲಿಯಲ್ಲಿ ಒಂದು ಇಲಾಖೆಯ ಮಹಿಳಾ ಅಧಿಕಾರಿ ಬೇರೊಂದು ಇಲಾಖೆಯ ಅಧಿಕಾರಿಯ ಮೇಲೆ ಕಿರುಕುಳದ ದೂರು ಕೊಟ್ಟಿದ್ದರು. ನನ್ನ ಇಲಾಖೆಯ ಸಮಿತಿ ಮಾತ್ರ ನನ್ನನ್ನು ವಿಚಾರಿಸಬಹುದು, ಅವರ ಇಲಾಖೆಯ ಸಮಿತಿಗೆ ಅಧಿಕಾರವಿಲ್ಲ ಎಂದು ಆರೋಪಿ ಅಧಿಕಾರಿ ಸಿಎಟಿಗೆ ಹೋದರು. ಸಿಎಟಿಯಲ್ಲಿ ಸೋತರು, ದೆಹಲಿ ಹೈಕೋರ್ಟಿನಲ್ಲಿ ಸೋತರು, ಸುಪ್ರೀಂ ಕೋರ್ಟಿನಲ್ಲೂ ಸೋತರು. ನೊಂದ ಮಹಿಳೆ ಕೆಲಸ ಮಾಡುವ ಕಡೆಯ ಸಮಿತಿಯೇ ವಿಚಾರಣೆ ನಡೆಸಬಹುದು. ಆರೋಪಿಯ ಇಲಾಖೆ ಅದಕ್ಕೆ ಸಹಕರಿಸಬೇಕು. ದೂರು ಕೊಡಲು ಅವಳು ಆರೋಪಿಯ ಕಚೇರಿಗೇ ಹೋಗಬೇಕೆಂದರೆ ಕಾಯ್ದೆಯ ಉದ್ದೇಶವೇ ಸೋಲುತ್ತದೆ. ಬೆಂಗಳೂರು ಜಲಮಂಡಳಿಯ ಕಾಲದಿಂದ ಆಡಳಿತಗಳು ಮೊದಲ ಅಸ್ತ್ರವಾಗಿ ಬಳಸುತ್ತ ಬಂದ ತಕರಾರನ್ನು ಇಲ್ಲಿ ನೊಂದವರ ಕಡೆಯಿಂದ ನೋಡಿ ಬಗೆಹರಿಸಲಾಯಿತು.

ಓಟಿಯ ಹಣಕ್ಕೂ ಇದೇ ನೋಟ ಬೇಕು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹೊತ್ತು ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ ಅವುಗಳಲ್ಲೂ ಇದೆ. ಸರ್ಕಾರದ ಸಾರ್ವಭೌಮ ಕೆಲಸಗಳನ್ನು ‘ಕೈಗಾರಿಕೆ’ಯ ಹೊರಗಿಡುವ ಗೆರೆಯೂ ಇದೆ. ಆ ಗೆರೆಯ ಮೇಲೆ ನಿಂತವರ ಅರ್ಜಿ ತಪ್ಪು ಕಡೆ ಬಂದಾಗ, ಅದನ್ನು ವಾಪಸು ಕೊಟ್ಟು ಕಳಿಸುವ ಬದಲು ಸರಿಯಾದ ಪ್ರಾಧಿಕಾರಕ್ಕೆ ತಾನೇ ವರ್ಗಾಯಿಸುವ ಹೊಣೆಯನ್ನು ನ್ಯಾಯಮಂಡಳಿಗಳಿಗೂ ಕಾರ್ಮಿಕ ಪ್ರಾಧಿಕಾರಗಳಿಗೂ ಕಾನೂನಿನಲ್ಲೇ ಹೊರಿಸಬೇಕು. ಎಲ್ಲಿಗೆ ಹೋಗಬೇಕೆಂದು ಸುಪ್ರೀಂ ಕೋರ್ಟಿಗೇ ತೀರ್ಮಾನಿಸಲು ವರ್ಷಗಳು ಬೇಕಾದ ಪ್ರಶ್ನೆಯನ್ನು ಮುದ್ರಣಾಲಯದ ಕೆಲಸಗಾರ ಒಂದೇ ಸಲಕ್ಕೆ ಸರಿಯಾಗಿ ಬಿಡಿಸಬೇಕೆಂದು ನಿರೀಕ್ಷಿಸುವುದು ಅನ್ಯಾಯ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಮಾತು. ಕಿರುಕುಳದ ದೂರನ್ನು ಘಟನೆ ನಡೆದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಿ. ತಡವಾದುದಕ್ಕೆ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಸಮಿತಿಯ ಶಿಫಾರಸಿನ ಮೇಲೆ ಮೇಲ್ಮನವಿಗೆ 90 ದಿನ. ಆಡಳಿತ ನ್ಯಾಯಮಂಡಳಿಗೆ ಅಂತಿಮ ಆದೇಶದಿಂದ ಒಂದು ವರ್ಷ. ಹೆಚ್ಚುವರಿ ಹೊತ್ತು ಕೆಲಸ ಮಾಡಿಸಿದ ಆದೇಶ, ಹಾಜರಿ ಪುಸ್ತಕದ ಪ್ರತಿ, ಕೊಟ್ಟ ಮನವಿಗೆ ಸಿಕ್ಕ ಸ್ವೀಕೃತಿ ಇವನ್ನು ದಿನಾಂಕ ಸಮೇತ ಜೋಪಾನ ಮಾಡಿ. ಅರ್ಜಿ ತಪ್ಪು ಕಡೆ ಬಿದ್ದು ಕಾಲ ಕಳೆದರೂ, ಪ್ರಾಮಾಣಿಕವಾಗಿ ಅಲ್ಲಿ ಅಲೆದ ಸಮಯವನ್ನು ಲೆಕ್ಕದಿಂದ ಬಿಡಬೇಕೆಂದು ಕೇಳಲು ಆ ಕಾಗದಗಳೇ ಆಧಾರ.